ಉಣ್ಣೆಗೆ ಲಸಿಕೆಯೋ, ಸ್ಪ್ರೇಯೋ, ಕೊಟ್ಟಿಗೆ ರಿಪೇರಿಯೋ? ಹಸು ಸಾಕುವವರಿಗೆ ಒಂದು ಹೋಲಿಕೆ

ಕಾಲುಬಾಯಿ ಜ್ವರಕ್ಕೆ ಲಸಿಕೆ ಇದೆ. ಗಳಲೆ ರೋಗಕ್ಕೆ, ಚಪ್ಪೆ ರೋಗಕ್ಕೆ ಇದೆ. ಚರ್ಮಗಂಟು ರೋಗ ಬಂದಾಗ ಅದಕ್ಕೂ ಊರೂರಿಗೆ ಬಂದು ಹಾಕಿದರು. ಹಾಗಾದರೆ ವರ್ಷವಿಡೀ ರಕ್ತ ಹೀರುವ ಉಣ್ಣೆಗೆ ಯಾಕೆ ಒಂದು ಇಂಜೆಕ್ಷನ್ ಇಲ್ಲ? ಹಾಲಿನ ಡೈರಿ ಮುಂದೆ, ಪಶು ಆಸ್ಪತ್ರೆಯ ಜಗಲಿಯಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ.

ನೇರವಾಗಿ ಹೇಳುವುದಾದರೆ, ಉಣ್ಣೆಗೂ ಲಸಿಕೆ ಇದೆ. ಆದರೆ ಅದು ಭಾರತದಲ್ಲಿ ಮಾರಾಟಕ್ಕಿಲ್ಲ. ನಮ್ಮಲ್ಲಿ ಸಿಗುವುದು ಉಣ್ಣೆಯಿಂದ ಬರುವ ಥೈಲೇರಿಯಾ ಎಂಬ ರೋಗಕ್ಕೆ ಲಸಿಕೆ. ಎರಡನ್ನೂ ಒಂದೇ ಅಂದುಕೊಂಡರೆ ‘ಲಸಿಕೆ ಹಾಕಿಸಿದ್ರೂ ಉಣ್ಣೆ ಹೋಗ್ಲಿಲ್ಲ’ ಅಂತ ಬೇಸರವಾಗುವುದು ಖಂಡಿತ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡೋಣ: ಎರಡು ಬಗೆಯ ಲಸಿಕೆ, ಸ್ಪ್ರೇ, ಬೆನ್ನಿಗೆ ಸುರಿಯುವ ಔಷಧಿ, ಇಂಜೆಕ್ಷನ್, ಬೇವು-ಬಜೆಯ ಮದ್ದು, ಕೊಟ್ಟಿಗೆ ರಿಪೇರಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಔಷಧಿಯ ಹೆಸರು ನೋಡಿ ಆರಿಸಬೇಡಿ. ಹಸುವಿನ ಮೈ ಮೇಲೆ ಇಲ್ಲದ ದಿನಗಳಲ್ಲಿ ನಿಮ್ಮ ಉಣ್ಣೆ ಎಲ್ಲಿರುತ್ತದೆ ಅನ್ನುವುದನ್ನು ನೋಡಿ ಆರಿಸಿ. ಹುಲ್ಲಿನಲ್ಲಿರುವ ಉಣ್ಣೆಗೆ ಒಂದು ದಾರಿ, ಗೋಡೆಯಲ್ಲಿರುವ ಉಣ್ಣೆಗೆ ಇನ್ನೊಂದು ದಾರಿ.

ಮೊದಲು ಉಣ್ಣೆಯನ್ನು ಗುರುತಿಸಿ

ನಮ್ಮ ದನಗಳ ಮೈ ಮೇಲೆ ಮುಖ್ಯವಾಗಿ ಎರಡು ಬಗೆಯ ಉಣ್ಣೆ ಕಾಣುತ್ತವೆ. ಗಮನವಿಟ್ಟು ನೋಡಿದರೆ ಬರಿಗಣ್ಣಿಗೇ ವ್ಯತ್ಯಾಸ ಗೊತ್ತಾಗುತ್ತದೆ.

ಒಂದು ರಿಪಿಸೆಫಾಲಸ್ ಮೈಕ್ರೋಪ್ಲಸ್. ಹಳಬರು ಇದನ್ನು ಬೂಫಿಲಸ್ ಅನ್ನುತ್ತಾರೆ. ಕಾಲು ಸಣ್ಣ, ತೆಳು ಬಣ್ಣ. ರಕ್ತ ಕುಡಿದು ಉಬ್ಬಿದ ಹೆಣ್ಣು ಹರಳು ಬೀಜದ ಹಾಗೆ ಕಾಣುತ್ತದೆ. ಇದರ ಮರಿ ಹುಲ್ಲಿನ ತುದಿಗೆ ಹತ್ತಿ ಕಾಯುತ್ತದೆ. ದನ ಹಾದುಹೋಗುವಾಗ ಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಸುಮಾರು ಮೂರು ವಾರ ಅದೇ ದನದ ಮೇಲೆ ಇರುತ್ತದೆ. ಮರಿಯಿಂದ ದೊಡ್ಡದಾಗುವುದು, ಜೋಡಿಯಾಗುವುದು, ಹೊಟ್ಟೆ ತುಂಬಿಸಿಕೊಳ್ಳುವುದು ಎಲ್ಲ ಅಲ್ಲೇ. ಕೊನೆಗೆ ಹೆಣ್ಣು ನೆಲಕ್ಕೆ ಬಿದ್ದು 2,000ದಿಂದ 4,000 ಮೊಟ್ಟೆ ಇಟ್ಟು ಸಾಯುತ್ತದೆ. ನೆರಳು, ತೇವ ಇದ್ದರೆ ಹೊಸ ಮರಿಗಳು ಏನೂ ತಿನ್ನದೆ ತಿಂಗಳುಗಟ್ಟಲೆ ಹುಲ್ಲಿನಲ್ಲಿ ಕಾಯಬಲ್ಲವು.

ಇನ್ನೊಂದು ಹಯಲೋಮಾ. ಇದರ ಕಾಲು ಉದ್ದ, ಕಂದು ಬಣ್ಣ, ಮೇಲೆ ಬಿಳಿಚಿದ ಪಟ್ಟೆಗಳು. ಬೇಗ ಬೇಗ ಓಡುತ್ತದೆ. ಕೆಚ್ಚಲು, ತೊಡೆ ಸಂದಿ, ಬಾಲದ ಬುಡ ಇದರ ಮೆಚ್ಚಿನ ಜಾಗ. ಇದು ಒಂದೇ ದನದ ಮೇಲೆ ಇಡೀ ಆಯುಸ್ಸು ಕಳೆಯುವುದಿಲ್ಲ. ರಕ್ತ ಕುಡಿದು ಇಳಿಯುತ್ತದೆ, ಕೊಟ್ಟಿಗೆಯ ಗೋಡೆಯ ಬಿರುಕಿಗೋ ಗೋದಲಿಯ ಕಲ್ಲುಸಂದಿಗೋ ಸೇರಿ ಪೊರೆ ಕಳಚುತ್ತದೆ, ಮತ್ತೆ ಬಂದು ಯಾವುದೋ ದನಕ್ಕೆ ಹತ್ತುತ್ತದೆ. ಮೊಟ್ಟೆ ಇಡುವುದೂ ಆ ಸಂದಿಗಳಲ್ಲೇ.

ಈ ವ್ಯತ್ಯಾಸ ರೋಗದ ವಿಷಯದಲ್ಲೂ ಮುಖ್ಯ. ಮೊದಲನೆಯ ಉಣ್ಣೆ ಬೆಬೇಸಿಯಾ ಹರಡುತ್ತದೆ. ದನದ ಮೂತ್ರ ಕೆಂಪಗೆ, ಕಾಫಿ ಬಣ್ಣಕ್ಕೆ ಬರುವ ಕಾಯಿಲೆ ಅದು. ಒಂದೇ ದನದ ಮೇಲೆ ಇರುವ ಉಣ್ಣೆ ಇನ್ನೊಂದು ದನಕ್ಕೆ ರೋಗ ಹೇಗೆ ಕೊಡುತ್ತದೆ ಅಂತ ಕೇಳಬಹುದು. ಬೆಬೇಸಿಯಾ ತಾಯಿ ಉಣ್ಣೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ದಾಟುತ್ತದೆ. ಹಯಲೋಮಾ ಹರಡುವುದು ಥೈಲೇರಿಯಾ. ಇದು ಮೊಟ್ಟೆಗೆ ದಾಟುವುದಿಲ್ಲ. ಎಳೆಯ ಉಣ್ಣೆ ರೋಗದ ದನದಿಂದ ತೆಗೆದುಕೊಂಡು, ಗೋಡೆಯಲ್ಲಿ ಕೂತು ಬೆಳೆದು, ಮುಂದಿನ ಸಲ ಹತ್ತಿದ ದನಕ್ಕೆ ಕೊಡುತ್ತದೆ. ಅಂದರೆ ಥೈಲೇರಿಯಾದ ಗೂಡು ಕೊಟ್ಟಿಗೆಯ ಗೋಡೆ.

ಮಲೆನಾಡಿನಲ್ಲಿ ಮೂರನೆಯ ಗುಂಪೊಂದಿದೆ, ಹೀಮೋಫೈಸಾಲಿಸ್. ಕಾಡಿನ ತರಗೆಲೆಯಲ್ಲಿ ಬದುಕುವ ಉಣುಗು. ಅದರ ಮಾತು ಕೊನೆಯಲ್ಲಿ ಬರುತ್ತದೆ.

ಉಣ್ಣೆ ಲಸಿಕೆ: ಹೇಗೆ ಕೆಲಸ ಮಾಡುತ್ತದೆ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾಳೆ ನಮ್ಮಲ್ಲೂ ಬಂದರೆ ಏನು ನಿರೀಕ್ಷೆ ಮಾಡಬೇಕು ಅಂತ ತಿಳಿದಿರಬೇಕು.

1980ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ವಿಜ್ಞಾನಿಗಳು ಮೈಕ್ರೋಪ್ಲಸ್ ಉಣ್ಣೆಯ ಕರುಳಿನ ಗೋಡೆಯಲ್ಲಿ ಒಂದು ಪ್ರೋಟೀನ್ ಗುರುತಿಸಿದರು. ಅದಕ್ಕೆ ಬಿಎಂ86 ಅಂತ ಹೆಸರು. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿ ದನಕ್ಕೆ ಚುಚ್ಚಿದರೆ ದನದ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯಗಳು ಹುಟ್ಟುತ್ತವೆ. ಉಣ್ಣೆ ರಕ್ತ ಕುಡಿದಾಗ ಈ ಪ್ರತಿಕಾಯಗಳೂ ಅದರ ಹೊಟ್ಟೆಗೆ ಹೋಗುತ್ತವೆ. ಹೋಗಿ ಕರುಳಿನ ಗೋಡೆಗೇ ಹಾನಿ ಮಾಡುತ್ತವೆ. ಕರುಳು ತೂತಾಗಿ ರಕ್ತ ಉಣ್ಣೆಯ ಮೈಯೊಳಗೆ ಸೋರುತ್ತದೆ. ಕೆಲವು ಸಾಯುತ್ತವೆ. ಬದುಕಿದವು ಸರಿಯಾಗಿ ಉಬ್ಬುವುದಿಲ್ಲ, ಮೊಟ್ಟೆ ಕಡಿಮೆ ಇಡುತ್ತವೆ.

ಇಲ್ಲಿ ಒಂದು ಮಾತು ಮುಖ್ಯ. ಲಸಿಕೆ ಹಾಕಿದ ಮರುದಿನ ಉಣ್ಣೆ ಉದುರುವುದಿಲ್ಲ. ಈ ದನದ ಮೇಲೆ ಈಗಿರುವ ಉಣ್ಣೆಗಿಂತ ಮುಂದಿನ ತಲೆಮಾರಿನ ಉಣ್ಣೆಗೆ ಬೀಳುವ ಪೆಟ್ಟು ದೊಡ್ಡದು. ಮೊಟ್ಟೆ ಕಡಿಮೆಯಾದರೆ ಹುಲ್ಲಿನಲ್ಲಿ ಮರಿ ಕಡಿಮೆ. ಎರಡು ಮೂರು ತಲೆಮಾರು ಕಳೆದ ಮೇಲೆ ಇಡೀ ಹುಲ್ಲುಗಾವಲಿನಲ್ಲೇ ಉಣ್ಣೆ ಇಳಿಯುತ್ತದೆ.

ಲಸಿಕೆಗೆ ಪದೇ ಪದೇ ಬೂಸ್ಟರ್ ಯಾಕೆ ಬೇಕು? ಉಣ್ಣೆ ಕಚ್ಚಿದಾಗ ಅದರ ಜೊಲ್ಲು ದನದ ಮೈಗೆ ಹೋಗುತ್ತದೆ. ಕರುಳಿನ ಪ್ರೋಟೀನ್ ಮಾತ್ರ ಉಣ್ಣೆಯ ಒಳಗೇ ಉಳಿಯುತ್ತದೆ. ಸಾವಿರ ಉಣ್ಣೆ ಕಚ್ಚಿದರೂ ದನದ ಮೈ ಅದನ್ನು ನೋಡುವುದೇ ಇಲ್ಲ. ಹಾಗಾಗಿ ಲಸಿಕೆಯಿಂದ ಬಂದ ಶಕ್ತಿ ತಾನಾಗಿ ಚುರುಕಾಗುವುದಿಲ್ಲ, ತಿಂಗಳು ಕಳೆದಂತೆ ಇಳಿಯುತ್ತದೆ. ಮತ್ತೆ ಚುಚ್ಚಲೇಬೇಕು.

ಎರಡು ಲಸಿಕೆ ಮಾರುಕಟ್ಟೆಗೆ ಬಂದವು. ಕ್ಯೂಬಾದಲ್ಲಿ ತಯಾರಾದ ‘ಗಾವಾಕ್’ 1993ರಲ್ಲಿ ಬಂತು, ಆಸ್ಟ್ರೇಲಿಯಾದ ‘ಟಿಕ್‌ಗಾರ್ಡ್’ 1994ರಲ್ಲಿ. ಎರಡರಲ್ಲೂ ಇರುವುದು ಬಿಎಂ86 ಪ್ರೋಟೀನೇ. ಆದರೆ ಮುಂದಿನ ಕಥೆ ಬೇರೆ ಬೇರೆ. ಕ್ಯೂಬಾದಲ್ಲಿ ಸರ್ಕಾರವೇ ಮುಂದೆ ನಿಂತು ಲಕ್ಷಗಟ್ಟಲೆ ದನಗಳಿಗೆ ಹಾಕಿಸಿತು. ಮೊದಲ ಡೋಸ್ ಆದ 4ನೇ ವಾರಕ್ಕೆ ಎರಡನೆಯದು, 7ನೇ ವಾರಕ್ಕೆ ಮೂರನೆಯದು, ಆಮೇಲೆ ಆರು ತಿಂಗಳಿಗೊಮ್ಮೆ. ಜತೆಗೆ ಉಣ್ಣೆ ಎಣಿಕೆ ಜಾಸ್ತಿಯಾದಾಗ ಮಾತ್ರ ಔಷಧಿ ಸ್ಪ್ರೇ. ಔಷಧಿಯ ಬಳಕೆ ಅಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಬೆಬೇಸಿಯಾ ಕೂಡ ಕಡಿಮೆಯಾಯಿತು.

ಆಸ್ಟ್ರೇಲಿಯಾದಲ್ಲಿ ಸಾವಿರಾರು ಎಕರೆ ಬಯಲಿನಲ್ಲಿ ದನ ಬಿಟ್ಟು ಸಾಕುತ್ತಾರೆ. ಟಿಕ್‌ಗಾರ್ಡ್‌ಗೆ ಎರಡೂವರೆ ಮೂರು ತಿಂಗಳಿಗೊಮ್ಮೆ ಬೂಸ್ಟರ್ ಬೇಕಿತ್ತು. ಅಷ್ಟು ಸಲ ದನಗಳನ್ನು ಒಟ್ಟುಗೂಡಿಸುವುದು ಅಲ್ಲಿನವರಿಗೆ ಆಗದ ಕೆಲಸ. ಕೊನೆಗೆ ಆ ಲಸಿಕೆ ಮಾರುಕಟ್ಟೆಯಿಂದಲೇ ಹೋಯಿತು. ಔಷಧ ಒಳ್ಳೆಯದಿದ್ದರೆ ಸಾಲದು, ಸಾಕುವ ಪದ್ಧತಿಗೆ ಹೊಂದಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನೊಂದು ಕಷ್ಟವಿದೆ. ಎಲ್ಲ ಕಡೆಯ ಉಣ್ಣೆಗೂ ಇದು ಒಂದೇ ಥರ ನಾಟುವುದಿಲ್ಲ. ಬೇರೆ ಬೇರೆ ದೇಶಗಳ ಪ್ರಯೋಗಗಳಲ್ಲಿ ಫಲ ಶೇ 50ರ ಆಸುಪಾಸಿನಿಂದ ಶೇ 90ರವರೆಗೂ ಏರಿಳಿದಿದೆ. ಅರ್ಜೆಂಟೀನಾದ ಒಂದು ತಳಿಯ ಉಣ್ಣೆಗೆ ಇದು ಹೆಚ್ಚು ನಾಟಲೇ ಇಲ್ಲ. ಆಗ ಕ್ಯೂಬಾದವರು ಅದೇ ಉಣ್ಣೆಯಿಂದ ಬಿಎಂ95 ಅನ್ನುವ ಇನ್ನೊಂದು ಪ್ರೋಟೀನ್ ತೆಗೆದರು. ಹಯಲೋಮಾ ಉಣ್ಣೆಗೆ ಅದರದೇ ಪ್ರೋಟೀನ್ ಬೇಕಾಗಬಹುದು ಅಂತ ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ನಡೆದಿದೆ. ಹಯಲೋಮಾದ ಕರುಳಿನ ಪ್ರೋಟೀನನ್ನು ತಯಾರಿಸಿ ಕರುಗಳ ಮೇಲೆ ಪ್ರಯೋಗ ಮಾಡಿದ್ದಾರೆ. ಅದು ಇನ್ನೂ ಅಂಗಡಿಗೆ ಬಂದಿಲ್ಲ.

ಬಂದರೆ ಯಾರಿಗೆ ಉಪಯೋಗ? ಒಂದೇ ಬೇಲಿಯೊಳಗೆ ಇಪ್ಪತ್ತು ಮೂವತ್ತು ಹಸು ಮೇಯಿಸುವ ಫಾರಂಗಳಿಗೆ ಚೆನ್ನಾಗಿ ಹೊಂದುತ್ತದೆ. ಗೋಮಾಳದಲ್ಲಿ ಊರಿನ ದನಗಳ ಜತೆ ಮೇಯುವ ಎರಡು ಹಸುವಿಗೆ ಮಾತ್ರ ಹಾಕಿಸಿದರೆ ಹೆಚ್ಚು ಲಾಭವಿಲ್ಲ. ಪಕ್ಕದ ಮನೆಯ ದನ ಉದುರಿಸಿದ ಮೊಟ್ಟೆಯಿಂದ ಮರಿ ಬರುತ್ತಲೇ ಇರುತ್ತವೆ. ಹಾಕಿಸುವುದಾದರೆ ಊರಿಗೆ ಊರೇ ಹಾಕಿಸಬೇಕು. ಹಾಲಿನ ಸಂಘಗಳು ಮನಸ್ಸು ಮಾಡಿದರೆ ಅದು ಆಗದ ಮಾತೇನಲ್ಲ.

ಅಲ್ಲಿಯವರೆಗೆ ಯಾರಾದರೂ ‘ಉಣ್ಣೆ ಲಸಿಕೆ’ ಅಂತ ಹೇಳಿ ಇಂಜೆಕ್ಷನ್ ಕೊಡಲು ಬಂದರೆ ಬಾಟಲಿಯ ಮೇಲಿನ ಹೆಸರು ಓದಿಸಿ. ಬಹುತೇಕ ಅದು ಐವರ್‌ಮೆಕ್ಟಿನ್ ಆಗಿರುತ್ತದೆ. ಅದು ಔಷಧಿ. ಲಸಿಕೆ ಅಲ್ಲವೇ ಅಲ್ಲ.

ಥೈಲೇರಿಯಾ ಲಸಿಕೆ: ನಮ್ಮಲ್ಲಿ ಸಿಗುವುದು

ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ತಯಾರಿಸುವ ‘ರಕ್ಷಾವ್ಯಾಕ್-ಟಿ’ ಇದು. ಥೈಲೇರಿಯಾ ಆನ್ಯುಲೇಟಾ ಎಂಬ ರೋಗಾಣುವನ್ನೇ ದುರ್ಬಲಗೊಳಿಸಿ ಮಾಡಿದ ಜೀವಂತ ಲಸಿಕೆ. ಉಣ್ಣೆಯ ಮೇಲೆ ಇದಕ್ಕೆ ಯಾವ ಪರಿಣಾಮವೂ ಇಲ್ಲ. ಉಣ್ಣೆ ಎಂದಿನಂತೆ ಕಚ್ಚುತ್ತದೆ, ರಕ್ತ ಕುಡಿಯುತ್ತದೆ. ಆದರೆ ಅದು ತಂದ ಥೈಲೇರಿಯಾಕ್ಕೆ ಹಸು ಬಲಿಯಾಗದಂತೆ ಕಾಯುತ್ತದೆ.

ಯಾರಿಗೆ ಬೇಕು? ಮಿಶ್ರತಳಿ ಮತ್ತು ಸೀಮೆ ಹಸುಗಳಿಗೆ. ಮೂರು ತಿಂಗಳು ದಾಟಿದ ಕರುವಿಗೆ ಒಮ್ಮೆ ಹಾಕಿಸಿದರೆ ಸಾಕು ಅನ್ನುವುದು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯ ಲಸಿಕೆ ಪಟ್ಟಿಯಲ್ಲಿರುವ ಸಲಹೆ. ನಾಟಿ ಹಸುಗಳಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಗಬ್ಬದ ಹಸುವಿಗೆ ಹಾಕಿಸುವ ಮುನ್ನ ಡಾಕ್ಟರ ಒಪ್ಪಿಗೆ ಬೇಕೇ ಬೇಕು.

ತೊಂದರೆ ಇರುವುದು ಸಾಗಣೆಯಲ್ಲಿ. ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಇಡುವ ಹಾಗೆ ಇದನ್ನೂ ದ್ರವ ಸಾರಜನಕದಲ್ಲಿ ಇಡಬೇಕು. ಹೊರಗೆ ತೆಗೆದು ಕರಗಿಸಿದ ಮೇಲೆ ತಡಮಾಡದೆ ಕೊಡಬೇಕು. ಹಾಗಾಗಿ ಒಂದೆರಡು ಕರುವಿಗಾಗಿ ತರಿಸುವುದು ಕಷ್ಟ. ಅಕ್ಕಪಕ್ಕದ ಮನೆಗಳ ಕರುಗಳನ್ನೆಲ್ಲ ಪಟ್ಟಿ ಮಾಡಿ, ಪಶುವೈದ್ಯರ ಹತ್ತಿರ ಒಟ್ಟಿಗೆ ಕೇಳಿದರೆ ತರಿಸುವುದು ಸುಲಭ.

ನನ್ನ ಲೆಕ್ಕದಲ್ಲಿ, ಕೊಟ್ಟಿಗೆಯಲ್ಲಿ ಹಯಲೋಮಾ ಇದ್ದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಕರು ಬೆಳೆಸುತ್ತಿರುವವರು ಇದಕ್ಕೆ ಖರ್ಚು ಮಾಡಲೇಬೇಕು. ಥೈಲೇರಿಯಾ ಬಂದರೆ ಜ್ವರ 104ರಿಂದ 106 ಡಿಗ್ರಿಗೆ ಏರುತ್ತದೆ, ಭುಜದ ಮುಂದಿನ ಗಡ್ಡೆ ಊದುತ್ತದೆ, ರಕ್ತ ಕಡಿಮೆಯಾಗಿ ಕಣ್ಣಿನ ಒಳರೆಪ್ಪೆ ಬಿಳಿಚುತ್ತದೆ. ಬುಪಾರ್ವಕ್ವೋನ್ ಇಂಜೆಕ್ಷನ್ ಬೇಗ ಸಿಕ್ಕರೆ ಉಳಿಯುತ್ತದೆ. ಅದು ದುಬಾರಿ. ತಡವಾದರೆ ಹಸುವೇ ಹೋಗುತ್ತದೆ.

ಇನ್ನು ಬೆಬೇಸಿಯಾಕ್ಕೆ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಬೆಬೇಸಿಯಾ, ಉಣ್ಣೆಯಿಂದಲೇ ಬರುವ ಅನಾಪ್ಲಾಸ್ಮಾ ಎಂಬ ಇನ್ನೊಂದು ರೋಗ, ಎರಡಕ್ಕೂ ಸೇರಿ ಜೀವಂತ ಲಸಿಕೆ ತಯಾರಿಸುತ್ತಾರೆ. ನಮ್ಮ ಕೊಟ್ಟಿಗೆಗಳಿಗೆ ಅದು ಸಿಗುವುದಿಲ್ಲ. ಇಲ್ಲಿ ಬೇಗ ಗುರುತಿಸಿ ಚಿಕಿತ್ಸೆ ಕೊಡಿಸುವುದೇ ದಾರಿ.

ಔಷಧಿಗಳಲ್ಲಿ ಯಾವುದು?

ಮೈ ತುಂಬ ಉಣ್ಣೆ ಇರುವ ಹಸುವಿಗೆ ಇವತ್ತು ಬೇಕಾದದ್ದು ಔಷಧಿ. ಈ ಜಾಗವನ್ನು ಬೇರೆ ಯಾವುದೂ ತುಂಬುವುದಿಲ್ಲ.

ಅಗ್ಗದ್ದು ಸ್ಪ್ರೇ. ಎರಡು ಬಗೆ ಎಲ್ಲ ಕಡೆ ಸಿಗುತ್ತದೆ. ಡೆಲ್ಟಾಮೆಥ್ರಿನ್ ಶೇ 1.25ರದ್ದನ್ನು ಸಾಮಾನ್ಯವಾಗಿ ಲೀಟರ್ ನೀರಿಗೆ 2ರಿಂದ 3 ಮಿ.ಲೀ. ಬೆರೆಸುತ್ತಾರೆ. ಅಮಿತ್ರಾಜ್ ಶೇ 12.5ರದ್ದನ್ನು 2 ಮಿ.ಲೀ. ಬಾಟಲಿಯ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ನಂಬಿ. ದೊಡ್ಡ ಹಸುವಿಗೆ ಎರಡು ಮೂರು ಲೀಟರ್ ದ್ರಾವಣ ಬೇಕು. ಬೆನ್ನಿನ ಮೇಲೆ ಚಿಮುಕಿಸಿ ಬಿಟ್ಟರೆ ಪ್ರಯೋಜನವಿಲ್ಲ. ಉಣ್ಣೆ ಕೂತಿರುವುದು ಕಿವಿಯೊಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಬಾಲದ ಕೆಳಗೆ, ತೊಡೆ ಸಂದಿಯಲ್ಲಿ. ಅಲ್ಲೆಲ್ಲ ಒದ್ದೆಯಾಗಬೇಕು. ಕಿವಿಗೆ ಮತ್ತು ಕಣ್ಣಿನ ಸುತ್ತ ಬಟ್ಟೆಯಲ್ಲಿ ಒರೆಸಿ.

ಮೊದಲು ಹೊಟ್ಟೆ ತುಂಬ ನೀರು ಕುಡಿಸಿ, ಬಾಯಾರಿದ ಹಸು ಮೈ ನೆಕ್ಕುತ್ತದೆ. ಒಣಗುವವರೆಗೆ ಮೂತಿಗೆ ಕುಕ್ಕೆ ಕಟ್ಟಿ. ಗಾಯ ಇದ್ದರೆ, ಮಳೆ ಬರುವಂತಿದ್ದರೆ ಬೇಡ. ಉರಿಬಿಸಿಲಿನಲ್ಲೂ ಬೇಡ. ತೀರಾ ಸಣ್ಣ ಕರುಗಳಿಗೆ ಡಾಕ್ಟರನ್ನು ಕೇಳದೆ ಹಾಕಬೇಡಿ. ಕುದುರೆಗೆ ಅಮಿತ್ರಾಜ್ ವಿಷ. ಡೆಲ್ಟಾಮೆಥ್ರಿನ್ ಮೀನಿಗೆ ವಿಷ, ಹಾಗಾಗಿ ಕೆರೆಯಲ್ಲಿ ಪಂಪು ತೊಳೆಯುವುದು, ಔಷಧಿ ಹಾಕಿದ ಹಸುವನ್ನು ಕೂಡಲೇ ಕೆರೆಗಿಳಿಸುವುದು ಬೇಡವೇ ಬೇಡ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಹಸುವಿನ ಮೈಗೆ ಹೊಡೆಯುವವರನ್ನು ಕೇಳಿದ್ದೇನೆ. ದಯವಿಟ್ಟು ಮಾಡಬೇಡಿ. ಜೊಲ್ಲು ಸುರಿಸಿ ನಡುಗಿ ಬಿದ್ದ ಹಸುವನ್ನು ಎಬ್ಬಿಸುವುದು ಸುಲಭವಲ್ಲ. ಸೀಮೆಎಣ್ಣೆ, ಹಳೆ ಎಂಜಿನ್ ಆಯಿಲ್ ಕೂಡ ಬೇಡ, ಚರ್ಮ ಸುಡುತ್ತದೆ.

ಬೆನ್ನಿಗೆ ಸುರಿಯುವುದು ಫ್ಲುಮೆಥ್ರಿನ್. ಹತ್ತು ಕೆ.ಜಿ. ತೂಕಕ್ಕೆ 1 ಮಿ.ಲೀ. ಲೆಕ್ಕದಲ್ಲಿ ಹೆಗಲಿನಿಂದ ಬಾಲದವರೆಗೆ ಒಂದು ಗೆರೆ ಎಳೆದಂತೆ ಸುರಿಯುತ್ತಾರೆ. ಬೆರೆಸುವ ಗೋಜಿಲ್ಲ, ಪಂಪು ಬೇಡ, ಒದೆಯುವ ಹಸುವಿಗೂ ಸುಲಭ. ಸ್ಪ್ರೇಗಿಂತ ಖರ್ಚು ಜಾಸ್ತಿ. ಒಬ್ಬರೇ ಇದ್ದು ನಾಲ್ಕೈದು ಹಸು ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ ನಾನು ಇದನ್ನೇ ಹೇಳುತ್ತೇನೆ.

ಐವರ್‌ಮೆಕ್ಟಿನ್ ಇಂಜೆಕ್ಷನ್ 50 ಕೆ.ಜಿ. ತೂಕಕ್ಕೆ 1 ಮಿ.ಲೀ., ಚರ್ಮದ ಕೆಳಗೆ. ಹೊಟ್ಟೆಯ ಜಂತುಹುಳುವೂ ಹೋಗುತ್ತದೆ ಅನ್ನುವ ಕಾರಣಕ್ಕೆ ಎಲ್ಲರಿಗೂ ಇಷ್ಟ. ಆದರೆ ಇದು ಹಾಲಿಗೆ ಇಳಿಯುತ್ತದೆ, ಅದೂ ಬಹಳ ದಿನ. ಕರೆಯುವ ಹಸುವಿಗೆ ಇದು ಬೇಡ. ನಮ್ಮ ಮನೆ ಮಕ್ಕಳು, ಡೈರಿಯಿಂದ ಹಾಲು ತರುವ ಯಾರದೋ ಮನೆ ಮಕ್ಕಳು ಕುಡಿಯುವ ಹಾಲು ಅದು, ಅಲ್ವಾ? ಪಡ್ಡೆಗಳಿಗೆ, ಎತ್ತುಗಳಿಗೆ ಸರಿ. ಸಗಣಿಯಲ್ಲಿ ಹೊರಬಂದು ಸಗಣಿ ಹುಳುಗಳನ್ನೂ ಕೊಲ್ಲುತ್ತದೆ ಅನ್ನುವುದನ್ನು ನೆನಪಿಡಿ. ಗೊಬ್ಬರ ಮಣ್ಣಿಗೆ ಸೇರಿಸುವವು ಅವೇ.

ಎಷ್ಟು ದಿನಕ್ಕೊಮ್ಮೆ? ಮೈಕ್ರೋಪ್ಲಸ್ ಇದ್ದರೆ ಅದರ ಮೂರು ವಾರದ ಲೆಕ್ಕ ನೆನಪಿಡಿ. ಇವತ್ತು ಸ್ಪ್ರೇ ಮಾಡಿದ ಮೇಲೆ ಹತ್ತಿದ ಮರಿ ಮೂರು ವಾರಕ್ಕೆ ಉಬ್ಬಿ ಉದುರಲು ತಯಾರಾಗುತ್ತದೆ. ಅದು ಉದುರುವ ಮೊದಲೇ ಮುಂದಿನ ಸ್ಪ್ರೇ ಆಗಬೇಕು. ಹೀಗೆ ಎರಡು ಮೂರು ಸುತ್ತು ಬಿಡದೆ ಮಾಡಿದರೆ ಹುಲ್ಲಿಗೆ ಹೊಸ ಮೊಟ್ಟೆ ಬೀಳುವುದು ನಿಲ್ಲುತ್ತದೆ. ತಿಂಗಳುಗಟ್ಟಲೆ ಬಿಟ್ಟು, ಮೈ ತುಂಬಿದ ಮೇಲೆ ಒಮ್ಮೆ ಹೊಡೆಯುವುದರಿಂದ ಖರ್ಚು ಮಾತ್ರ ಆಗುತ್ತದೆ.

ಔಷಧಿ ನಾಟದಿದ್ದರೆ

ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ಗೆ ಬಗ್ಗದ ಉಣ್ಣೆಗಳು ಭಾರತದ ಹಲವು ರಾಜ್ಯಗಳಲ್ಲಿ ಪತ್ತೆಯಾಗಿವೆ. ಜನ ಆಗ ಬ್ರ್ಯಾಂಡ್ ಬದಲಾಯಿಸುತ್ತಾರೆ. ಆದರೆ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಫ್ಲುಮೆಥ್ರಿನ್ ಮೂರೂ ಒಂದೇ ಕುಟುಂಬದವು. ಒಂದಕ್ಕೆ ಬಗ್ಗದ ಉಣ್ಣೆ ಇನ್ನೊಂದಕ್ಕೂ ಬಗ್ಗದಿರುವ ಸಾಧ್ಯತೆ ಜಾಸ್ತಿ. ಬಾಟಲಿಯ ಮೇಲಿನ ದೊಡ್ಡ ಹೆಸರು ಬಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರು ಓದಿ. ಬದಲಾಯಿಸುವುದಾದರೆ ಅಮಿತ್ರಾಜ್‌ನಂಥ ಬೇರೆ ಕುಟುಂಬಕ್ಕೆ ಹೋಗಿ. ಎರಡನ್ನು ನೀವೇ ಬೆರೆಸಿ ಹೊಡೆಯಬೇಡಿ.

ನಾಟಿದೆಯೋ ಇಲ್ಲವೋ ಅಂತ ಮನೆಯಲ್ಲೇ ನೋಡಬಹುದು. ಸ್ಪ್ರೇ ಮಾಡಿದ ಮರುದಿನ ಚೆನ್ನಾಗಿ ಉಬ್ಬಿದ ಐದಾರು ಉಣ್ಣೆ ತೆಗೆದು, ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿದ ಬಾಟಲಿಯಲ್ಲಿ ನೆರಳಿನಲ್ಲಿ ಇಡಿ. ಕೈಗೆ ಗ್ಲೌಸ್ ಇರಲಿ. ಎರಡು ವಾರದೊಳಗೆ ಕಂದು ಮಣಿಗಳ ಗೊಂಚಲಿನಂಥ ಮೊಟ್ಟೆ ಕಂಡರೆ ಆ ಔಷಧಿ ನಿಮ್ಮ ಉಣ್ಣೆಗೆ ಸರಿಯಾಗಿ ನಾಟುತ್ತಿಲ್ಲ. ಅಳತೆ ಕಡಿಮೆಯಾಗಿತ್ತೋ, ಮೈ ಪೂರ್ತಿ ಒದ್ದೆಯಾಗಿರಲಿಲ್ಲವೋ ಅಂತ ಮೊದಲು ಯೋಚಿಸಿ. ಅದೆಲ್ಲ ಸರಿಯಾಗಿದ್ದರೆ ಕುಟುಂಬ ಬದಲಾಯಿಸಿ. ನೋಡಿದ ಮೇಲೆ ಬಾಟಲಿಗೆ ಕುದಿಯುವ ನೀರು ಸುರಿಯಿರಿ.

ಬೇವು-ಬಜೆಯ ಮದ್ದು

ಬೆಂಗಳೂರಿನ ಟ್ರಾನ್ಸ್ ಡಿಸಿಪ್ಲಿನರಿ ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಸೇರಿ ಹಾಲಿನ ಸಂಘಗಳ ಮೂಲಕ ಹಳ್ಳಿ ಮದ್ದುಗಳನ್ನು ಪ್ರಚಾರ ಮಾಡಿವೆ. ಅದರಲ್ಲಿ ಉಣ್ಣೆಗೆ ಹೇಳಿರುವುದು ಇದು: ಬೆಳ್ಳುಳ್ಳಿ 10 ಎಸಳು, ಬೇವಿನ ಎಲೆ ಒಂದು ಹಿಡಿ, ಬೇವಿನ ಹಣ್ಣು ಒಂದು ಹಿಡಿ, ಬಜೆ 10 ಗ್ರಾಂ, ಅರಿಶಿನ ಪುಡಿ 20 ಗ್ರಾಂ, ಲಂಟಾನ ಎಲೆ ಒಂದು ಹಿಡಿ, ತುಳಸಿ ಎಲೆ ಒಂದು ಹಿಡಿ. ಎಲ್ಲವನ್ನೂ ರುಬ್ಬಿ, ಒಂದು ಲೀಟರ್ ನೀರು ಸೇರಿಸಿ, ಬಟ್ಟೆಯಲ್ಲಿ ಸೋಸಿ ಮೈಗೆ ಹಚ್ಚಬೇಕು ಅಥವಾ ಸ್ಪ್ರೇ ಮಾಡಬೇಕು. ಕೊಟ್ಟಿಗೆಯ ಬಿರುಕುಗಳಿಗೂ ಹೊಡೆಯಬೇಕು. ವಾರಕ್ಕೊಮ್ಮೆ, ಉಣ್ಣೆ ಹೋಗುವವರೆಗೆ, ಬಿಸಿಲಿರುವ ಹೊತ್ತಿನಲ್ಲಿ.

ಕರೆಯುವ ಹಸುವಿಗೆ, ಉಣ್ಣೆ ಇನ್ನೂ ಕಡಿಮೆ ಇದ್ದಾಗ, ನನಗೆ ಇದು ಒಳ್ಳೆಯ ಆಯ್ಕೆ. ಹಾಲಿನಲ್ಲಿ ಔಷಧಿ ಉಳಿಯುವ ಭಯವಿಲ್ಲ. ಖರ್ಚು ಸುಮಾರಾಗಿ ಶ್ರಮದ್ದು ಮಾತ್ರ. ಆದರೆ ವಾರ ತಪ್ಪಿಸಿದರೆ ಕೆಲಸ ಕೆಡುತ್ತದೆ. ಮೈ ತುಂಬಿಕೊಂಡ ಉಣ್ಣೆಗೆ, ಜ್ವರ ಬಂದ ಹಸುವಿಗೆ ಇದನ್ನು ನಂಬಿ ಕೂರಬೇಡಿ. ಲಂಟಾನ ಹೊಟ್ಟೆಗೆ ಹೋದರೆ ವಿಷ. ಗಷ್ಟನ್ನು ಗೋದಲಿ ಹತ್ತಿರ ಚೆಲ್ಲಬೇಡಿ, ಹಸು ನೆಕ್ಕದಂತೆ ನೋಡಿಕೊಳ್ಳಿ.

ಕೊಟ್ಟಿಗೆ ಮತ್ತು ತಳಿ

ಹಯಲೋಮಾ ಇರುವ ಮನೆಯಲ್ಲಿ ಮೊದಲ ದುಡ್ಡು ಹೋಗಬೇಕಾದ್ದು ಗೋಡೆಗೆ. ಸಿಮೆಂಟು, ಮರಳು ಕಲಸಿ ಗೋಡೆಯ ಬಿರುಕು, ಗೋದಲಿಯ ಸಂದಿ, ಕಂಬದ ಬುಡ ಎಲ್ಲ ಮುಚ್ಚಿ. ಆಮೇಲೆ ಸುಣ್ಣ ಬಳಿಯಿರಿ. ಕೊಟ್ಟಿಗೆಗೆ ಒರಗಿಸಿಟ್ಟ ಹಳೆ ಹಲಗೆ, ಕಲ್ಲುರಾಶಿ, ಬೆರಣಿ ಗುಡ್ಡೆ ದೂರ ಸರಿಸಿ. ಒಣಹುಲ್ಲಿನ ಮಾಡು ಇಲ್ಲದ ಕಲ್ಲುಗೋಡೆಯಾದರೆ, ಹಸುಗಳನ್ನು ಹೊರಗೆ ಕಟ್ಟಿ ಬೆಂಕಿ ಬರ್ನರ್‌ನಿಂದ ಬಿರುಕು ಸುಡಿಸಬಹುದು. ಹಸುವಿಗೆ ಸ್ಪ್ರೇ ಮಾಡಿದ ದಿನವೇ ಗೋಡೆಗೂ ಮಾಡಬೇಕು, ಆಳೆತ್ತರದವರೆಗೆ. ಗೋದಲಿಯನ್ನು ಆಮೇಲೆ ತೊಳೆಯಿರಿ.

ನಾಟಿ ಕೋಳಿಗಳನ್ನು ಕೊಟ್ಟಿಗೆಯಲ್ಲಿ ಬಿಡಿ. ಉದುರಿದ ಉಣ್ಣೆ ಹೆಕ್ಕಿ ತಿನ್ನುತ್ತವೆ. ಒಂದು ಉಬ್ಬಿದ ಹೆಣ್ಣು ಕೋಳಿ ಹೊಟ್ಟೆಗೆ ಹೋದರೆ ಸಾವಿರಾರು ಮೊಟ್ಟೆ ತಪ್ಪಿದಂತೆ. ಔಷಧಿ ಹೊಡೆದ ದಿನ ಮಾತ್ರ ಅವನ್ನು ದೂರ ಇಡಿ.

ತಳಿಯ ಬಗ್ಗೆ ಒಂದೇ ಮಾತು. ಹಳ್ಳಿಕಾರ್, ಮಲೆನಾಡು ಗಿಡ್ಡದಂಥ ನಮ್ಮ ಡುಬ್ಬದ ದನಗಳ ಮೇಲೆ ಉಣ್ಣೆ ಕಡಿಮೆ ನಿಲ್ಲುತ್ತದೆ. ಆಸ್ಟ್ರೇಲಿಯಾದವರೂ ಉಣ್ಣೆಯ ಕಾಟಕ್ಕೇ ಡುಬ್ಬದ ಬ್ರಾಹ್ಮನ್ ತಳಿಯ ರಕ್ತ ಬೆರೆಸಿಕೊಂಡರು. ಹಾಲಿನ ಆದಾಯ ನೆಚ್ಚಿದವರಿಗೆ ತಳಿ ಬದಲಾಯಿಸಿ ಅಂತ ಹೇಳುವುದು ಸುಮ್ನೆ ಮಾತಾಗುತ್ತದೆ.

ಯಾರಿಗೆ ಯಾವುದು

ಕಟ್ಟಿ ಮೇಯಿಸುವ ಎರಡು ಮೂರು ಮಿಶ್ರತಳಿ ಹಸು, ಹಳೆಯ ಕಲ್ಲುಗೋಡೆ, ಪಟ್ಟೆಗಾಲಿನ ಉಣ್ಣೆ: ಮೊದಲು ಗೋಡೆ ರಿಪೇರಿ, ಕರುಗಳಿಗೆ ಥೈಲೇರಿಯಾ ಲಸಿಕೆ, ಹಸುವಿಗೂ ಗೋಡೆಗೂ ಒಂದೇ ದಿನ ಸ್ಪ್ರೇ. ಆಮೇಲೆ ವಾರಕ್ಕೊಮ್ಮೆ ಬೇವು-ಬಜೆ ಸಾಕಾಗಬಹುದು.

ಗೋಮಾಳದಲ್ಲಿ ಮೇಯುವ ದನ, ಸಣ್ಣ ಕಾಲಿನ ಉಣ್ಣೆ: ಗೋಡೆಗೆ ಖರ್ಚು ಮಾಡಿ ಫಲವಿಲ್ಲ. ಮಳೆಗಾಲ ಶುರುವಾಗುವಾಗಲೇ ಮೂರು ವಾರದ ಲೆಕ್ಕದಲ್ಲಿ ಸ್ಪ್ರೇ ಶುರು ಮಾಡಿ. ಜತೆಗೆ ಮೇಯುವ ದನಗಳ ಮನೆಯವರೂ ಅದೇ ವಾರ ಮಾಡುವಂತೆ ಮಾತಾಡಿಕೊಳ್ಳಿ. ಸ್ವಂತ ಹುಲ್ಲುಗಾವಲಿದ್ದರೆ ಒಂದು ಭಾಗವನ್ನು ಬೇಸಿಗೆಯಲ್ಲಿ ಎರಡು ಮೂರು ತಿಂಗಳು ಖಾಲಿ ಬಿಡಿ. ಬಿಸಿಲಿಗೆ, ಹಸಿವಿಗೆ ಮರಿಗಳು ಸಾಯುತ್ತವೆ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಕಾಡಿಗೆ ದನ ಬಿಡುವವರದು ಬೇರೆ ಲೆಕ್ಕ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಹೀಮೋಫೈಸಾಲಿಸ್ ಉಣುಗಿನಿಂದ. ದನಕ್ಕೆ ಆ ಕಾಯಿಲೆ ಬರುವುದಿಲ್ಲ. ಆದರೆ ದೊಡ್ಡ ಉಣುಗುಗಳಿಗೆ ಹೊಟ್ಟೆ ತುಂಬ ರಕ್ತ ಸಿಗುವುದು ದನದಿಂದ. ಹಾಗಾಗಿ ಇಲ್ಲಿ ದನಕ್ಕೆ ಔಷಧಿ ಹಾಕುವುದು ಮನೆಯವರ ಜೀವದ ಪ್ರಶ್ನೆಯೂ ಹೌದು. ನವೆಂಬರಿನಿಂದ ಮೇವರೆಗೆ ಸಣ್ಣ ಉಣುಗುಗಳ ಕಾಲ. ಆ ತಿಂಗಳುಗಳಲ್ಲಿ ಮಂಗ ಸತ್ತ ಸುದ್ದಿ ಇರುವ ಕಾಡಿಗೆ ದನ ಬಿಡಬೇಡಿ, ದರಗು (ಒಣ ತರಗೆಲೆ) ತರಲೂ ಹೋಗಬೇಡಿ. ಹೋಗಲೇಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಬದಲಾಯಿಸಿ.

ಎಲ್ಲಿಯವರಾದರೂ ಉಣ್ಣೆಯನ್ನು ಬರಿಗೈಯಲ್ಲಿ ಹಿಸುಕಬೇಡಿ. 2011ರಲ್ಲಿ ಗುಜರಾತಿನಲ್ಲಿ ಜೀವ ತೆಗೆದ ಕ್ರಿಮಿಯನ್-ಕಾಂಗೋ ಜ್ವರ ಹಯಲೋಮಾದಿಂದ ಬರುವಂಥದ್ದು. ಚಿಮಟದಲ್ಲಿ ಬುಡ ಹಿಡಿದು ಎಳೆದು, ಸೋಪು ನೀರಿನ ಡಬ್ಬಿಗೆ ಹಾಕಿ.

ಸಂತೆಯಿಂದ ಹೊಸ ಹಸು ತಂದರೆ ನೇರ ಕೊಟ್ಟಿಗೆಗೆ ಕಟ್ಟಬೇಡಿ. ಬೇರೆ ಜಾಗದಲ್ಲಿ ಕಟ್ಟಿ, ಅದೇ ದಿನ ಔಷಧಿ ಹಾಕಿ, ಮೂರು ವಾರ ಅಲ್ಲೇ ಇರಲಿ. ದಿನಾ ಕಿವಿ, ಕೆಚ್ಚಲು ನೋಡಿ. ಜ್ವರ ಬಂದರೆ, ಭುಜದ ಮುಂದೆ ಗಡ್ಡೆ ಸಿಕ್ಕರೆ, ಮೂತ್ರದ ಬಣ್ಣ ಬದಲಾದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ರಕ್ತದ ಲೇಪ ತೆಗೆದು ಪರೀಕ್ಷೆ ಮಾಡಿಸಲು ಹೇಳಿ. ಅದೇ ರಿಪೋರ್ಟು ನಿಮ್ಮ ಊರಿನ ಉಣ್ಣೆ ಯಾವ ರೋಗ ಹೊತ್ತಿದೆ ಅನ್ನುವುದನ್ನೂ ತಿಳಿಸುತ್ತದೆ, ಜೋಪಾನವಾಗಿ ಎತ್ತಿಡಿ.